ಸಾವಿಗಿಂತ ಮುಂಚೆ ಬಂದ ಸಂತಾಪ

ಮೂರನೆಯ ಒದೆತಕ್ಕೆ ಆರ್ಥೆಲ್ ಮಿಮ್ಸನ ಮುಂದಿನ ಹಲ್ಲು ಮುರಿದು ಫುಟ್‌ಪಾತಿನ ಮೇಲೆ ಬಿತ್ತು.

ಕೊಲೆ ತನಿಖೆಯ ಪೊಲೀಸ್ ಅಧಿಕಾರಿ ಲುಯೆಲಾ ಟಿಲ್ಮನ್ ಕಾರನ್ನು ನಡುರಸ್ತೆಯಲ್ಲೇ ಬಿಟ್ಟು, ನೋಯುವ ಮೊಣಕಾಲನ್ನು ಬೈದುಕೊಳ್ಳುತ್ತಾ ಓಡಿದಳು. ಲೀಹೈ ರಸ್ತೆಯ ಲಾಂಡ್ರಿಯ ಮುಂದೆ ನಲವತ್ತು ಜನರ ಗುಂಪು. ನಡುವೆ ಅಂಗಾತ ಬಿದ್ದವನ ಕಿತ್ತಳೆ ಬಣ್ಣದ ಜಾಕೆಟ್ಟು ಅರ್ಧ ಹರಿದಿತ್ತು, ಇನ್ನರ್ಧ ರಕ್ತದಲ್ಲಿ ತೊಯ್ದಿತ್ತು. ಅವನ ಎದೆಯ ಮೇಲೆ ಕೂತಿದ್ದ ಧಡಿಯ ಟೆರಿಲ್ ಸ್ಟೋಕ್ಸ್ ಎರಡೂ ಕೈಯಲ್ಲಿ ಕಾಂಕ್ರೀಟ್ ಇಟ್ಟಿಗೆಯೊಂದನ್ನು ಎತ್ತಿ ಹಿಡಿದಿದ್ದ.

"ಟೆರಿಲ್! ಕೆಳಗಿಡು ಅದನ್ನ!"

"ನನ್ನ ತಮ್ಮನ್ನ ಕೊಂದಿದಾನೆ ಇವನು!"

"ಇಡು ಅಂದೆ!"

"ನಾನಲ್ಲ ಕಣ್ರೋ," ಎಂದು ಕೆಳಗಿದ್ದವನು ರಕ್ತ ಉಗುಳುತ್ತಾ ಕೂಗಿದ. "ಯುನಿವರ್ಸಿಟಿ ಕಂಪ್ಯೂಟರ್ ಹೇಳ್ತು! ಆ ಪ್ರೊಫೆಸರನ್ನ ಕೇಳ್ರೋ!"

ಇಟ್ಟಿಗೆ ಇನ್ನೂ ಮೇಲೇರಿತು. ಲುಯೆಲಾ ಎರಡು ಸಲ ಹೇಳುವವಳು, ಮೂರನೆಯ ಸಲ ಹೇಳುವವಳಲ್ಲ. ಕೈಯಲ್ಲಿದ್ದ ಕಬ್ಬಿಣದ ಟಾರ್ಚನ್ನು ಬೀಸಿ ಟೆರಿಲ್‌ನ ಮುಂಗೈಗೆ ಬಾರಿಸಿದಳು. ಮೂಳೆ ಮುರಿದ ಸದ್ದು ಗುಂಪಿಗೆಲ್ಲ ಕೇಳಿಸಿತು. ಇಟ್ಟಿಗೆ ಆರ್ಥೆಲ್‌ನ ಕಿವಿಯ ಪಕ್ಕದಲ್ಲಿ ಬಿದ್ದು ಎರಡಾಯಿತು.

ಗುಂಪು ಒಂದು ಹೆಜ್ಜೆ ಮುಂದೆ ಬಂತು. ಅವಳು ಪಿಸ್ತೂಲು ಹೊರತೆಗೆದಳು.

"ಇದರಲ್ಲಿ ಹದಿನೇಳು ಗುಂಡಿದೆ. ನಿಮ್ಮಲ್ಲಿ ಅರ್ಧ ಜನ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ನನಗೆ ಗೊತ್ತು. ಈವತ್ತು ಯಾರ ಅಮ್ಮನ ಮನೆಗೆ ಹೋಗಿ ನಾನು ಸುದ್ದಿ ಹೇಳ್ಬೇಕು? ಅವರು ಮುಂದೆ ಬನ್ನಿ."

ಯಾರೂ ಬರಲಿಲ್ಲ. "ಲುಯೆಲಾ ಅಕ್ಕ, ಅವನ್ನ ಬಿಟ್ಬಿಡ್ಬೇಡಿ," ಎಂದು ಹಿಂದಿನಿಂದ ಒಬ್ಬ ಗೊಣಗಿದ ಅಷ್ಟೇ. "ಅವನ ಮನೆ ಸುಡ್ತೀವಿ!" ಎಂದು ಟೆರಿಲ್ ಮುರಿದ ಕೈ ಹಿಡಿದುಕೊಂಡು ಅರಚಿದ. ಅವನನ್ನು ಇಬ್ಬರು ಪೇದೆಗಳು ಎಳೆದುಕೊಂಡು ಹೋದರು. ಲುಯೆಲಾ ಆರ್ಥೆಲ್‌ನ ಮನೆಯ ಕಾವಲಿಗೆ ಒಂದು ಪೊಲೀಸ್ ಕಾರು ಕಳಿಸಿ, ಆರ್ಥೆಲ್‌ನಿಗೆ ಬೇಡಿ ತೊಡಿಸಿದಳು. ಅವನ ಜೀವ ಉಳಿಸಲಿಕ್ಕೆ ತೊಡಿಸಿದಳೋ, ಅನುಮಾನಕ್ಕೆ ತೊಡಿಸಿದಳೋ, ಅವಳಿಗೇ ಆಗ ತಿಳಿದಿರಲಿಲ್ಲ.

ಕೆರ್ವಿನ್ ಸ್ಟೋಕ್ಸ್ ಲಾಂಡ್ರಿಯ ಒಳಗೆ ಬಟ್ಟೆ ಒಣಗಿಸುವ ಡ್ರೈಯರಿಗೆ ಬೆನ್ನು ಕೊಟ್ಟು ಕೂತಂತೆ ಸತ್ತಿದ್ದ. ಇಪ್ಪತ್ತಾರು ವರ್ಷ. ಎರಡು ಗುಂಡು ಎದೆಗೆ, ಎರಡು ಹೊಟ್ಟೆಗೆ, ಕೊನೆಯದು ದವಡೆಗೆ. ದವಡೆಯದನ್ನು ತೀರಾ ಹತ್ತಿರ ನಿಂತು ಹೊಡೆದಿದ್ದರು. ಚರ್ಮದ ಮೇಲೆ ಮದ್ದಿನ ಕಪ್ಪು ಚುಕ್ಕೆಗಳಿದ್ದವು. ಒಂದು ಗುಂಡು ಅವನನ್ನು ದಾಟಿ ಡ್ರೈಯರಿನ ಗಾಜು ಒಡೆದಿತ್ತು. ಒಳಗೆ ಅವನ ಮಗಳ ಗುಲಾಬಿ ಕಾಲುಚೀಲಗಳಿದ್ದವು, ಅಪ್ಪನ ರಕ್ತ ಸಿಡಿದು ಒಣಗಲು ಶುರುವಾಗಿತ್ತು. ಲುಯೆಲಾ ಆ ಕಡೆ ಹೆಚ್ಚು ಹೊತ್ತು ನೋಡಲಿಲ್ಲ.

ಆರು ವಾರದಲ್ಲಿ ಇದು ಮೂರನೆಯ ಹೆಣ. ಹಿಂದಿನ ಎರಡನ್ನೂ ಒಂದೇ ಪಿಸ್ತೂಲು ಕೊಂದಿತ್ತು. ಮೂರೂ ಹಾಡಹಗಲಲ್ಲಿ. ಮೂರೂ ಕಿತ್ತಳೆ ಜಾಕೆಟ್ಟಿನವರು ಬೆಳಗಿನಿಂದ ಸಂಜೆಯವರೆಗೆ ನಿಂತು ಕಾಯುವ ತಿರುವುಗಳಲ್ಲೇ.

ಆ ಜಾಕೆಟ್ಟಿನವರ ಮುಖ್ಯಸ್ಥ ಈ ಆರ್ಥೆಲ್. ಹದಿನಾಲ್ಕು ವರ್ಷ ಜೈಲು ಕಂಡು ಬಂದವನು. ತನ್ನಂಥವರನ್ನೇ ಕೂಡಿಸಿಕೊಂಡು, ಕೈಯಲ್ಲೊಂದು ಬೆತ್ತವೂ ಇಲ್ಲದೆ ಬೀದಿಯಲ್ಲಿ ನಿಂತು, ಹೊಡೆದಾಡುವವರ ನಡುವೆ ನುಗ್ಗಿ ಬಿಡಿಸುವುದು ಅವನ ಕೆಲಸ. ಉತ್ತರ ಫಿಲಡೆಲ್ಫಿಯಾದ ತಾಯಂದಿರು ಪಾದ್ರಿಯ ಮಾತು ಮೀರಿದರೂ ಇವನ ಮಾತು ಮೀರುತ್ತಿರಲಿಲ್ಲ. ಅಂಥವನ ಹಲ್ಲನ್ನು ಇವತ್ತು ಅದೇ ಬೀದಿ ಉದುರಿಸಿತ್ತು.

ಕಾರಣ ಹೇಳಿದವರು ಕೆರ್ವಿನ್‌ನ ತಾಯಿ. ಎರಡು ಬೀದಿ ಆಚೆ, ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ.

"ಮಿಸ್ ಬರ್ನಡೀನ್, ಏನಾಯ್ತು ಅಂತ ಒಂದ್ಸಲ ಹೇಳಿ."

"ಹಂದಿಮಾಂಸದ ಸ್ಕ್ರ್ಯಾಪಲ್ ಕರೀತಿದ್ದೆ ಕಣೆ. ಬಟ್ಟೆ ಒಗೆದು ಬಂದ್ಮೇಲೆ ಹುಡುಗ ತಿಂತಾನೆ ಅಂತ. ಬಾಗಿಲು ತಟ್ಟಿದ್ರು. ತೆಗೆದ್ರೆ ಈ ಆರ್ಥೆಲ್, ಟೋಪಿ ಕೈಲಿ ಹಿಡ್ಕೊಂಡು ನಿಂತಿದಾನೆ. ಹಿಂದೆ ಅವನ ಜನ. 'ಮಿಸ್ ಬರ್ನಡೀನ್, ನಿಮ್ಮ ದುಃಖದಲ್ಲಿ ನಾವೂ ಇದೀವಿ' ಅಂದ. ಯಾವ ದುಃಖಾನೋ ಅಂದೆ. ಕೆರ್ವಿನ್ ಅಂದ. ಅಯ್ಯೋ ಹುಚ್ಚಾ, ನನ್ನ ಮಗ ಲಾಂಡ್ರೀಲಿದಾನೆ ಹೋಗೋ ಅಂತ ಬೈದೆ."

"ಆಮೇಲೆ?"

"ನಾನು ಬೈದು ಮುಗಿಸಿರ್ಲಿಲ್ಲ. ಗುಂಡಿನ ಸದ್ದು ಬಂತು." ಅವರು ಲುಯೆಲಾಳ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. "ಮೊದಲು ಸಂತಾಪ ಬಂತು, ಆಮೇಲೆ ಸಾವು ಬಂತು. ಇದು ಯಾವ ಲೋಕದ ನ್ಯಾಯನೇ, ಲುಯೆಲಾ?"

ಲುಯೆಲಾ ಮಣಿಕಟ್ಟು ಬಿಡಿಸಿಕೊಂಡು ಕಾರಿನ ಕಡೆ ನಡೆದಳು.

ಕಾರಿನ ಹಿಂದಿನ ಸೀಟಿನಲ್ಲಿ ಆರ್ಥೆಲ್ ಕಾಗದದ ಲೋಟಕ್ಕೆ ರಕ್ತ ಉಗುಳುತ್ತಿದ್ದ.

"ಈಗ ಬೊಗಳು," ಎಂದಳು ಲುಯೆಲಾ. "ಸಾಯೋಕೆ ಮುಂಚೆ ಸತ್ತಿದ್ದು ನಿಂಗೆ ಹೇಗೆ ಗೊತ್ತಾಯ್ತು?"

"ಜೇಬಲ್ಲಿ ಫೋನಿದೆ. ತೆಗೆದು ನೋಡು."

ತೆರೆಯ ಮೇಲೆ ಮೂರೇ ಸಾಲು. ಶೋಕ. ಹೆಸರು ಕೆರ್ವಿನ್ ಸ್ಟೋಕ್ಸ್. ಬರೆದದ್ದು ಹತ್ತು ಗಂಟೆ ಇಪ್ಪತ್ತೆಂಟು ನಿಮಿಷ.

ಗುಂಡು ಹಾರಿದ್ದು ಹತ್ತು ನಲವತ್ತೆಂಟಕ್ಕೆ.

"ಯಾರಿದನ್ನ ಕಳಿಸೋದು?"

"ಯುನಿವರ್ಸಿಟಿಯ ಆ ಪ್ರೊಫೆಸರಮ್ಮ. ನಮ್ಮ ಕಡೆ ಜನ ಫೋನಲ್ಲಿ ಎಲ್ಲರಿಗೂ ಕಾಣೋ ಹಾಗೆ ಬರೀತಾರಲ್ಲ, ಅದನ್ನೆಲ್ಲ ಅವರ ಕಂಪ್ಯೂಟರ್ ಓದತ್ತೆ. ದಿನಕ್ಕೆ ನಾಲ್ಕು ಲಕ್ಷ ಮಾತು. ಯಾರಾದ್ರೂ ಸತ್ತೋರನ್ನ ನೆನೆಸ್ಕೊಂಡು ಅತ್ರೆ ನಂಗೆ ತಿಳಿಸತ್ತೆ. ಇವತ್ತು ಅತ್ತೋನು ಎರಡು ದಿನದಲ್ಲಿ ಪಿಸ್ತೂಲ್ ಹಿಡೀತಾನೆ ಅಂತ ಅವರ ಲೆಕ್ಕ." ಆರ್ಥೆಲ್ ಮತ್ತೆ ಉಗುಳಿದ. "ಲೆಕ್ಕ ಸರಿಯಾಗೇ ಇದೆ. ನಾನೂ ಹಾಗೇ ಹಿಡಿದೋನು."

"ಅದಕ್ಕೆ ಸತ್ತೋರ ಮನೆಗೆ ಓಡ್ತೀರಿ."

"ಎಲ್ಲಾರೂ ಓಡ್ತೀವಿ. ಅಣ್ಣತಮ್ಮಂದಿರ ಕೈ ಹಿಡ್ಕೊಂಡು ಕೂತ್ಕೋತೀವಿ. ಎರಡು ವರ್ಷದಿಂದ ಹಾಗೇ ಎಷ್ಟೋ ಹೆಣ ತಪ್ಪಿಸಿದೀವಿ."

"ನೀವೆಲ್ಲ ಅಲ್ಲಿಗೆ ಓಡಿದಾಗ ತಿರುವಲ್ಲಿ ಯಾರಿರ್ತಾರೆ?"

ಆರ್ಥೆಲ್ ಬಾಯಿ ತೆರೆದ. ಉತ್ತರ ಹೊರಡುವ ಮೊದಲೇ ಅದು ಅವನಿಗೆ ಅರ್ಥವಾಯಿತು.

"ಯಾರೂ ಇರಲ್ಲ," ಎಂದ.

ಪ್ರೊಫೆಸರ್ ಇಂಗ್ರಿಡ್ ಹಾಲ್ವರ್ಸನ್‌ರ ಪ್ರಯೋಗಶಾಲೆ ನಾಲ್ಕನೆಯ ಮಹಡಿಯಲ್ಲಿತ್ತು. ಅರವತ್ತರ ಹೆಂಗಸು, ಕಾಲಲ್ಲಿ ಓಟದ ಶೂ, ಮೇಜಿನ ಮೇಲೆ ಅರ್ಧ ತಿಂದ ಟರ್ಕಿ ಕೋಳಿಯ ಸ್ಯಾಂಡ್‌ವಿಚ್ಚು. ಅವರ ಇಬ್ಬರು ವಿದ್ಯಾರ್ಥಿಗಳು ಸಮ್ಮೇಳನಕ್ಕೆಂದು ಮಾಂಟ್ರಿಯಲ್ಲಿಗೆ ಹೋಗಿದ್ದರು, ಇದ್ದವರು ಇವರೊಬ್ಬರೇ. ರಕ್ತಸಿಕ್ತ ಆರ್ಥೆಲ್‌ನನ್ನು ನೋಡಿ ಎದ್ದು ನಿಂತರು. "ಆಸ್ಪತ್ರೆಗೆ ಕರ್ಕೊಂಡು ಹೋಗೋದು ಬಿಟ್ಟು ಇಲ್ಲಿಗ್ಯಾಕೆ ತಂದ್ರಿ?"

ಲುಯೆಲಾ ಆರ್ಥೆಲ್‌ನ ಒಂದು ಕೈಯನ್ನು ಭಾರದ ಮೇಜಿನ ಕಬ್ಬಿಣದ ಕಾಲಿಗೆ ಸೇರಿಸಿ ಬೇಡಿ ಹಾಕಿದಳು. ಗುಂಡು ತಾನೇ ಹಾರಿಸದಿದ್ದರೂ, ಕೊಲೆಗಾರನ ಜೊತೆಗಾರನೆಂಬ ಅನುಮಾನ ಅವನ ಮೇಲಿನ್ನೂ ಇತ್ತು. ಕೊಲೆಗಾರನಿಗೆ ತಿರುವು ಖಾಲಿಯಾಗುವ ಗಳಿಗೆ ಗೊತ್ತಿತ್ತು. ಅದು ಆರ್ಥೆಲ್‌ನಿಗೂ ಗೊತ್ತಿತ್ತು.

"ಮೂರು ಕೊಲೆ ಆಗಿದೆ, ಪ್ರೊಫೆಸರ್. ಮೂರರ ಸಂತಾಪಾನೂ ಎಷ್ಟು ಹೊತ್ತಿಗೆ ಬರೆದಿದ್ದು, ಯಾರು ಬರೆದಿದ್ದು ಅಂತ ನಂಗೆ ಬೇಕು."

"ಬರೆದೋರ ಗುರುತು, ಹಳೇ ದಾಖಲೆ, ಇವೆರಡನ್ನೂ ಯಾರಿಗೂ ಕೊಡಲ್ಲ ಅಂತ ನಾನು ಮಾತು ಕೊಟ್ಟಿದೀನಿ. ಪೊಲೀಸಿಗಂತೂ ಮೊದಲೇ ಇಲ್ಲ. ಕೊಟ್ಟಿದ್ರೆ ಈ ಜನ ನನ್ನ ನಂಬ್ತಿದ್ರಾ? ನ್ಯಾಯಾಧೀಶರಿಂದ ಕಾಗದ ತನ್ನಿ."

ಲುಯೆಲಾ ಫೋನು ತೆಗೆದು, ಲಾಂಡ್ರಿಯಲ್ಲಿ ತೆಗೆದ ಚಿತ್ರವನ್ನು ಅವರ ಮುಖದ ಮುಂದೆ ಹಿಡಿದಳು. ಕೆರ್ವಿನ್‌ನ ದವಡೆ. ದವಡೆ ಅನ್ನುವುದು ಸೌಜನ್ಯಕ್ಕೆ. ಅಲ್ಲಿ ಉಳಿದದ್ದು ಹೆಚ್ಚೇನೂ ಇರಲಿಲ್ಲ.

"ಇವನೂ ನಿಮ್ಮನ್ನ ನಂಬಿದ್ದ. ಇವನಿಗಾಗಿ ಅತ್ತಿದ್ದು ಹತ್ತೂ ಇಪ್ಪತ್ತೆಂಟಕ್ಕೆ. ಇವನು ಸತ್ತಿದ್ದು ಹತ್ತೂ ನಲವತ್ತೆಂಟಕ್ಕೆ."

ಪ್ರೊಫೆಸರ್ ಮುಖ ಆ ಕಡೆ ತಿರುಗಿಸಿದರು. "ಸಾಧ್ಯವೇ ಇಲ್ಲ. ಸಾವಿಗೆ ಮುಂಚೆ ಅಳು ಬರಲ್ಲ. ಅಂಥ ಸಾಲು ಬಂದ್ರೆ ನಾವು..."

ಅಲ್ಲಿಗೇ ನಿಲ್ಲಿಸಿದರು.

"ನೀವು?"

"ತೊಳೆದುಬಿಡ್ತೀವಿ."

"ಏನು ಹಾಗಂದ್ರೆ?"

"ದತ್ತಾಂಶ ತೊಳೆಯೋದು ಅಂತಾರೆ. ಫೋನಿನ ಗಡಿಯಾರ ತಪ್ಪಿರತ್ತೆ. ಇಲ್ಲಾ, ಪೊಲೀಸ್ ವರದೀಲೇ ಗಂಟೆ ತಪ್ಪು ಬರೆದಿರ್ತಾರೆ. ಲಕ್ಷಗಟ್ಟಲೆ ಸಾಲಲ್ಲಿ ಒಂದಿಷ್ಟು ಹೊಲಸು ಇದ್ದೇ ಇರತ್ತೆ, ಅದನ್ನ ತೆಗೆದುಹಾಕದಿದ್ರೆ ಲೆಕ್ಕ ಎಲ್ಲ ಕೆಡತ್ತೆ. ಸಾವಿಗಿಂತ ಮುಂಚೆ ಬಂದ ಸಂತಾಪ ಅಂದ್ರೆ ಎದ್ದು ಕಾಣೋ ತಪ್ಪು. ಪ್ರತಿ ಭಾನುವಾರ ಅವು ತಾವಾಗೇ ಹೊರಗೆ ಹೋಗೋ ಹಾಗೆ ನಾನೇ ಬರೆದಿಟ್ಟಿದೀನಿ." ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು.

"ಹೊರಗೆ ಅಂದ್ರೆ ಎಲ್ಲಿಗೆ?"

"ಕಸದ ಕಡತಕ್ಕೆ."

"ತೆಗೀರಿ ಅದನ್ನ."

ಈ ಸಲ ಅವರು ನ್ಯಾಯಾಧೀಶರ ಮಾತೆತ್ತಲಿಲ್ಲ.

ಎರಡು ವರ್ಷದ ಕಸದಲ್ಲಿ ಇನ್ನೂರ ಹನ್ನೊಂದು ಸಾಲುಗಳಿದ್ದವು. ಹೆಚ್ಚಿನವು ನಿಜಕ್ಕೂ ಗಡಿಯಾರದ ತಪ್ಪುಗಳೇ. ಕೆಲವು ಐದು ಗಂಟೆ, ಕೆಲವು ಇಡೀ ದಿನದ ವ್ಯತ್ಯಾಸ. ಪ್ರೊಫೆಸರ್ ಅವನ್ನು ಒಂದೊಂದಾಗಿ ಬದಿಗೆ ಸರಿಸಿದರು. ಕೆಲಸಕ್ಕೆ ಕೂತ ಮೇಲೆ ಅವರ ಬೆರಳು ನಡುಗಲಿಲ್ಲ. ಕೊನೆಗೆ ತೆರೆಯ ಮೇಲೆ ಹದಿನೆಂಟರಿಂದ ಇಪ್ಪತ್ತೆರಡು ನಿಮಿಷ ಮುಂಚೆ ಬಂದ ಸಾಲುಗಳು ಮಾತ್ರ ಉಳಿದವು.

ಇವತ್ತಿನದು ಸೇರಿಸಿ ಮೂರಿರಬೇಕಿತ್ತು. ಒಂಬತ್ತಿದ್ದವು.

ಒಂಬತ್ತೂ ಬೇರೆ ಬೇರೆ ಹೆಸರಿನ ಖಾತೆಗಳಿಂದ ಬರೆದವು. ಪ್ರತಿಯೊಂದು ಖಾತೆಯೂ ಅದೇ ದಿನ ಬೆಳಗ್ಗೆ ಹುಟ್ಟಿ, ಗುಂಡು ಹಾರಿದ ಗಂಟೆಯೊಳಗೆ ಅಳಿಸಿಹೋಗಿತ್ತು. ಒಂಬತ್ತು ಕೊಲೆಗಳೂ ಕಿತ್ತಳೆ ಜಾಕೆಟ್ಟಿನವರ ತಿರುವಿನಲ್ಲೇ ನಡೆದಿದ್ದವು. ಆರನ್ನು ಲುಯೆಲಾಳ ಇಲಾಖೆ ಬೇರೆ ಬೇರೆ ಜಗಳಗಳ ಲೆಕ್ಕಕ್ಕೆ ಹಾಕಿ, ಬೇರೆ ಬೇರೆ ಕಪಾಟಿನಲ್ಲಿಟ್ಟಿತ್ತು.

"ನಿಮ್ಮ ಕಂಪ್ಯೂಟರು ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ," ಎಂದಳು ಲುಯೆಲಾ. "ಸತ್ತ ಅಂತ ಯಾರೋ ಬರೆದ್ರು, ಹೌದಾ ಅಂತ ಕೇಳದೆ ಇವರನ್ನೆಲ್ಲ ಓಡಿಸ್ತು. ಕೊಲೆಗಾರ ಖಾಲಿ ಬೀದೀಲಿ ಆರಾಮಾಗಿ ಕೆಲಸ ಮುಗಿಸ್ಕೊಂಡ. ಅವನ ಬೆರಳ ಗುರುತು ಪ್ರತಿ ಸಲ ನಿಮ್ಮ ಕೈಗೇ ಬಂತು, ನೀವು ಪ್ರತಿ ಭಾನುವಾರ ಸೋಪು ಹಾಕಿ ತೊಳೆದ್ರಿ."

"ನಾನು... ನೋಡಬೇಕಿತ್ತು," ಎಂದರು ಪ್ರೊಫೆಸರ್.

ಆರ್ಥೆಲ್‌ನ ಕಣ್ಣು ತೆರೆಯ ಮೇಲಿನ ನಾಲ್ಕನೆಯ ಹೆಸರಿನ ಮೇಲಿತ್ತು.

"ಲವೆಲ್," ಎಂದ. "ನನ್ನ ಅಕ್ಕನ ಮಗ."

"ಆರ್ಥೆಲ್, ಕೂತ್ಕೋ."

"ನಾನು ಅಕ್ಕನ ಮನೆ ಬಾಗಿಲಿಗೆ ಹೋದಾಗ್ಲೇ ಗುಂಡಿನ ಸದ್ದು ಕೇಳಿಸ್ತು. ಕಂಪ್ಯೂಟರ್ ಎಷ್ಟು ಚುರುಕಪ್ಪಾ, ಸದ್ದಿಗಿಂತ ಮುಂಚೆ ಸುದ್ದಿ ತರತ್ತೆ ಅಂತ ಹೊಗಳಿದ್ದೆ ಗೊತ್ತಾ? ಈ ಬಾಯಲ್ಲಿ!" ಅವನು ತನ್ನ ಮುರಿದ ಬಾಯಿಗೆ ತಾನೇ ಗುದ್ದಿಕೊಂಡ. "ಹುಡುಗ ಎರಡು ಬೀದಿ ಆಚೆ ರಕ್ತ ಕಾರ್ತಿದ್ದ. ನಾನು ಇವಳು ಹೇಳಿದ ಕಡೆ ಕೈಕಟ್ಕೊಂಡು ನಿಂತಿದ್ದೆ! ಅವನು ನಿನಗೆ ಹೊಲಸೇನೇ?"

ಭಾರದ ಮೇಜು ಕಿರುಗುಟ್ಟುತ್ತಾ ಅವನ ಹಿಂದೆ ಜರುಗಿತು. ಬಿಡುವಿದ್ದ ಕೈಯಿಂದ ಪ್ರೊಫೆಸರರ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಕಿತ್ತ ಗುಂಡಿಗಳು ನೆಲದ ಮೇಲೆ ಉರುಳಿದವು. ಅವರ ಕಣ್ಣು ಮೇಲಾಯಿತು. ಲುಯೆಲಾ ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿ ಜಗ್ಗಿದಳು, ಅವನು ಬಗ್ಗಲಿಲ್ಲ. ಬೇರೆ ದಾರಿ ಕಾಣದೆ, ಬೂಟಿನ ಹಿಮ್ಮಡಿಯಿಂದ ಅವನ ಮೊಣಕಾಲ ಹಿಂದಕ್ಕೆ ಒದ್ದಳು. ಇಬ್ಬರೂ ಕಂಪ್ಯೂಟರಿನ ಮೇಲೆ ಬಿದ್ದರು. ತೆರೆ ಒಡೆದು ಗಾಜಿನ ಚೂರು ಲುಯೆಲಾಳ ಅಂಗೈಯೊಳಗೆ ಇಳಿಯಿತು.

ನೆಲಕ್ಕೊರಗಿದ ಆರ್ಥೆಲ್ ಬಿಕ್ಕಿ ಬಿಕ್ಕಿ ಅತ್ತ. ಇಷ್ಟು ಹೊತ್ತು ಅವನ ಮೇಲಿದ್ದ ಅನುಮಾನ ಲುಯೆಲಾಳ ಮನಸ್ಸಿನಿಂದ ಹೋಯಿತು. ಇಂಥ ಅಳುವನ್ನು ನಟಿಸಬಲ್ಲವನನ್ನು ಅವಳು ಇಪ್ಪತ್ತೇಳು ವರ್ಷದಲ್ಲಿ ಕಂಡಿರಲಿಲ್ಲ.

"ನಾನು ಅವರ ಮೇಲೆ ದೂರು ಕೊಡಲ್ಲ," ಎಂದರು ಪ್ರೊಫೆಸರ್ ಕತ್ತು ನೀವಿಕೊಳ್ಳುತ್ತಾ, ಕೆಮ್ಮುತ್ತಾ.

ಆಗ ಲುಯೆಲಾಳ ಜೇಬಿನಲ್ಲಿದ್ದ ಆರ್ಥೆಲ್‌ನ ಫೋನು ಸದ್ದು ಮಾಡಿತು.

ಶೋಕ. ಹೆಸರು ಆರ್ಥೆಲ್ ಮಿಮ್ಸ್. ಬರೆದದ್ದು ಒಂದು ಗಂಟೆ ಹನ್ನೆರಡು ನಿಮಿಷ.

ಗೋಡೆಯ ಗಡಿಯಾರದಲ್ಲಿ ಒಂದು ಹದಿಮೂರು.

ಮೂವರೂ ಅದನ್ನು ಓದಿದರು. ಆರ್ಥೆಲ್ ಅಳು ನಿಲ್ಲಿಸಿ, ರಕ್ತದ ಬಾಯಲ್ಲೇ ನಕ್ಕ. "ನನ್ನ ಸರದಿ."

"ಅವನಿಗೆ ನೀನಿಲ್ಲಿರೋದು ಗೊತ್ತು," ಎಂದಳು ಲುಯೆಲಾ. "ಒದೆ ತಿನ್ನೋವಾಗ ಯುನಿವರ್ಸಿಟಿ, ಪ್ರೊಫೆಸರ್ ಅಂತ ನೀನೇ ಕೂಗಿದ್ದೆ. ನಾನು ನಿನ್ನ ಕಾರಲ್ಲಿ ಹಾಕ್ಕೊಂಡಿದ್ದನ್ನ ಇಡೀ ಬೀದಿ ನೋಡಿದೆ. ಇನ್ನು ಹತ್ತೊಂಬತ್ತು ನಿಮಿಷ. ಇಲ್ಲಿಗೇ ಬರ್ತಾನೆ."

ಅವಳು ವೈರ್‌ಲೆಸ್ ಎತ್ತಿಕೊಂಡಳು. ಟೆರಿಲ್ ಠಾಣೆಯಲ್ಲಿ ಕೂತಿದ್ದ, ಬೆಂಕಿ ಹಚ್ಚುವ ಕೈಗೆ ಪ್ಲಾಸ್ಟರ್ ಬಿದ್ದಿತ್ತು. ಆರ್ಥೆಲ್‌ನ ಮನೆಗೆ ಇನ್ನೇನು ಅಪಾಯ? ಅಲ್ಲಿ ನಿಂತಿದ್ದ ಕಾರೇ ಎಲ್ಲಕ್ಕಿಂತ ಹತ್ತಿರವಿತ್ತು. ಅದನ್ನೂ, ಲಾಂಡ್ರಿಯ ಬಳಿ ಇದ್ದ ಇನ್ನೊಂದನ್ನೂ ಸೈರನ್ ಇಲ್ಲದೆ ಇಲ್ಲಿಗೆ ಬರಹೇಳಿದಳು.

"ರಾಬರ್ಟಾಗೆ ಒಂದು ಮಾತು ಹೇಳ್ತೀನಿ," ಎಂದ ಆರ್ಥೆಲ್. "ನನ್ನ ಜನ ಈಗ ಹೊರಟಿರ್ತಾರೆ. ನನ್ನ ಹೆಂಡ್ತಿ ಮುಂದೆ ಟೋಪಿ ತೆಗೆದು ನಿಲ್ತಾರೆ. ಫೋನ್ ಕೊಡು."

"ಕೊಡಲ್ಲ."

"ಲುಯೆಲಾ!"

"ನೀನು ಬದುಕಿದೀಯ ಅಂತ ಗೊತ್ತಾದ್ರೆ ನಿನ್ನ ಜನ ತಿರುವಿಗೆ ವಾಪಸ್ ಬರ್ತಾರೆ. ಅವನು ಎಲ್ಲಿಂದಲೋ ನೋಡ್ತಿದಾನೆ. ಬಲೆ ಗೊತ್ತಾಗಿ ಕೈಬಿಡ್ತಾನೆ, ಇನ್ನೆರಡು ವಾರಕ್ಕೆ ಹತ್ತನೇ ತಾಯಿ ಮನೆಗೆ ನೀನೇ ಹೋಗಿ ನಿಲ್ತೀಯ."

"ಇಪ್ಪತ್ತು ನಿಮಿಷ ಅವಳು ನನ್ನ ಹೆಸರು ಹೇಳ್ಕೊಂಡು ಅಳಬೇಕಾ?"

"ಇಪ್ಪತ್ತು ನಿಮಿಷ ಅಳಲಿ. ಆಮೇಲೆ ಇಪ್ಪತ್ತು ವರ್ಷ ನಂಗೆ ಬೈಯಲಿ."

ಅವನು ತಲೆ ತಗ್ಗಿಸಿದ. ಒಪ್ಪಿದನೆಂದಲ್ಲ, ಕೈ ಮೇಜಿಗೆ ಕಟ್ಟಿತ್ತು.

ಒಂದು ಇಪ್ಪತ್ತಕ್ಕೆ ಎರಡೂ ಕಾರುಗಳು ಬಂದವು. ನಾಲ್ವರು ಪೇದೆಗಳು, ಇಬ್ಬರು ಕೆಳಗಿನ ಬಾಗಿಲಿಗೆ, ಒಬ್ಬ ಲಿಫ್ಟಿಗೆ, ಒಬ್ಬ ಹಿಂದಿನ ಮೆಟ್ಟಿಲಿಗೆ. ಪ್ರೊಫೆಸರ್ ಕಪಾಟಿನ ಹಿಂದೆ ಕೂತರು. ಲುಯೆಲಾ ಮೇಜನ್ನು ಉರುಳಿಸಿ ಆರ್ಥೆಲ್‌ನನ್ನು ಅದರ ಮರೆಗೆ ತಳ್ಳಿ, ರಕ್ತ ಸೋರುವ ಅಂಗೈಗೆ ಕರವಸ್ತ್ರ ಸುತ್ತಿ, ಪಿಸ್ತೂಲನ್ನು ಬಾಗಿಲಿಗೆ ಗುರಿ ಹಿಡಿದು ನಿಂತಳು.

ಒಂದು ಇಪ್ಪತ್ತೆಂಟು. ಲಿಫ್ಟು ಮೇಲೆ ಬರುವ ಸದ್ದಾಯಿತು. ಲುಯೆಲಾಳ ಬೆರಳು ಬಿಗಿಯಿತು. ಅದು ಮೂರನೆಯ ಮಹಡಿಯಲ್ಲಿ ನಿಂತು ಇಳಿದುಹೋಯಿತು.

ಒಂದು ಮೂವತ್ತೆರಡು. ಆರ್ಥೆಲ್ ಕಣ್ಣು ಮುಚ್ಚಿಕೊಂಡು ಏನೋ ಪ್ರಾರ್ಥಿಸುತ್ತಿದ್ದ.

ಒಂದು ಮೂವತ್ತೈದು. ಯಾರೂ ಬರಲಿಲ್ಲ.

ಒಂದು ಮೂವತ್ತಾರಕ್ಕೆ ಆರ್ಥೆಲ್ ಕಣ್ಣು ತೆರೆದ. "ಬದುಕಿದೀನಿ. ನಿನ್ನ ಮಾತು ಮುಗೀತು. ಈಗ ಫೋನ್ ಕೊಡ್ತೀಯೋ ಇಲ್ವೋ?"

ಅವಳು ಸಂಖ್ಯೆ ಒತ್ತಿ, ಎಲ್ಲರಿಗೂ ಕೇಳುವಂತೆ ಇಟ್ಟು, ಫೋನನ್ನು ಅವನ ಮುಂದೆ ನೆಲದ ಮೇಲಿಟ್ಟಳು. ಆರು ಸಲ ರಿಂಗಾದ ಮೇಲೆ ರಾಬರ್ಟಾ ಎತ್ತಿದಳು. ಅತ್ತು ಅತ್ತು ದನಿ ಕಟ್ಟಿಹೋಗಿತ್ತು.

"ಯಾರು?"

"ನಾನು ಕಣೆ. ಸತ್ತಿಲ್ಲ ನಾನು."

ಆ ಕಡೆಯಿಂದ ಕಿವಿ ಕಿತ್ತುಹೋಗುವಂಥ ಚೀರಾಟ. "ಹಾಳಾದವನೇ! ನೀನು ಸತ್ತೆ ಅಂತ ನಿನ್ನ ಕಪ್ಪು ಸೂಟು ತೆಗೆದಿಟ್ಟಿದೀನಿ ಕಣೋ! ಎಲ್ಲಿದೀಯ? ಊಟ ಮಾಡಿದೀಯಾ? ಮನೆಗೆ ಬಾ, ನಾನೇ ಸಾಯಿಸ್ತೀನಿ ನಿನ್ನ!"

ಆರ್ಥೆಲ್ ನಗುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಪಾಟಿನ ಹಿಂದೆ ಪ್ರೊಫೆಸರ್ ಕೂಡ ಮೂಗೊರೆಸಿಕೊಂಡರು. ಲುಯೆಲಾ ಪಿಸ್ತೂಲು ಇಳಿಸಿ ಗೋಡೆಗೆ ಒರಗಿದಳು. ಅವಳಿಗೆ ಆ ಕ್ಷಣ ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು.

"ನಮ್ಮವರು ಅಲ್ಲಿದಾರಾ?" ಎಂದ ಆರ್ಥೆಲ್.

"ಇಲ್ಲದೆ ಎಲ್ಲಿಗೆ ಹೋಗ್ತಾರೆ? ಎಲ್ಲಾರೂ ಮುಂದಿನ ಕೋಣೇಲಿ ಮುಖ ಇಳಿಬಿಟ್ಕೊಂಡು ನಿಂತಿದಾರೆ. ಕಾಫಿ ಮಾಡ್ತಿದ್ದೆ. ಏಳು ಕಪ್ಪು ಎಲ್ಲಿಂದ ತರಲಿ ಅಂತ ಹುಡುಕ್ತಿದ್ದೆ, ಅಷ್ಟರಲ್ಲಿ ನೀನು ಫೋನ್ ಮಾಡಿದೆ."

"ಆರು ಕಣೆ. ನನ್ನವರು ಆರು ಜನ."

"ನಂಗೇನು ಎಣಿಸೋಕೆ ಬರಲ್ವಾ? ಏಳು ಜಾಕೆಟ್ಟು. ಹೊಸಬ ಒಬ್ಬನಿದಾನಲ್ಲ, ಎಲ್ಲರ ಹಿಂದೆ ಬಂದು ಬಾಗಿಲ ಹತ್ರ ನಿಂತಿರೋನು. ಎಲ್ಲರೂ ಟೋಪಿ ತೆಗೆದ್ರು, ಅವನೊಬ್ಬ ತೆಗೀಲಿಲ್ಲ."

ಆರ್ಥೆಲ್‌ನ ನಗು ನಿಂತಿತು. "ನಾನು ಹೊಸಬ ಯಾರನ್ನೂ ತಗೊಂಡಿಲ್ಲ."

ಲುಯೆಲಾ ಕಿಟಕಿಯ ಕಡೆ ನೋಡಿದಳು. ಕೆಳಗೆ ಎರಡು ಪೊಲೀಸ್ ಕಾರುಗಳು ಒಂದರ ಹಿಂದೊಂದು ನಿಂತಿದ್ದವು. ಅದರಲ್ಲಿ ಒಂದು, ಅರ್ಧ ಗಂಟೆಯ ಹಿಂದೆ ರಾಬರ್ಟಾಳ ಬಾಗಿಲಿನ ಮುಂದಿತ್ತು. ಈ ಸಲ ಸಂತಾಪ ಓದಿ ಜಾಗ ಬಿಟ್ಟು ಓಡಿ ಬಂದದ್ದು ಪೊಲೀಸರು. ಓಡಿಸಿದ್ದು ಅವಳೇ.

"ರಾಬರ್ಟಾ," ಎಂದು ಕೂಗಿದಳು, "ಹಿಂದಿನ ಬಾಗಿಲಿಂದ ಹೊರಗೆ ಹೋಗು! ಈಗಲೇ!"

ರಾಬರ್ಟಾ ಆಗಲೇ ಫೋನಿನಿಂದ ಮುಖ ತಿರುಗಿಸಿಯಾಗಿತ್ತು. ಅವಳ ದನಿ ದೂರದಿಂದ, ಸಂಭ್ರಮದಲ್ಲಿ ಕೇಳಿಸಿತು. "ಕೇಳ್ರಪ್ಪಾ, ಆರ್ಥೆಲ್ ಬದುಕಿದಾನಂತೆ! ಏ ತಮ್ಮಾ, ಬಾಗಿಲ ಹತ್ರ ಇರೋನೇ, ನಿನ್ನ ಹೆಸರೇನು ಅಂತ ಕೇಳ್ತಿದಾನೆ..."

ಮೊದಲ ಗುಂಡಿಗೆ ಏನೋ ಪಿಂಗಾಣಿ ಒಡೆಯಿತು. ಆಮೇಲೆ ಒಂದರ ಮೇಲೊಂದು ಸಿಡಿದವು, ನಡುವೆ ಉಸಿರೆಳೆಯುವಷ್ಟೂ ಬಿಡುವಿಲ್ಲ. ಗಂಡಸರು ಕೂಗಿದರು, ಕುರ್ಚಿ ಉರುಳಿತು, ಭಾರವಾದದ್ದು ಗೋಡೆಗೆ ಬಡಿದು ಜಾರಿತು. ರಾಬರ್ಟಾ ಒಂದೇ ಒಂದು ಸಲ ಕೂಗಿದಳು. ಗಂಡನ ಹೆಸರು ಅರ್ಧಕ್ಕೇ ನಿಂತಿತು.

ಆರ್ಥೆಲ್ ಬಾಗಿಲ ಕಡೆ ನುಗ್ಗಿದ. ಉರುಳಿದ ಮೇಜು ಅವನ ಮಣಿಕಟ್ಟಿಗೆ ಜೋತು ಒಡೆದ ಗಾಜಿನ ಮೇಲೆ ಎಳೆದುಕೊಂಡು ಬಂತು. ಬೇಡಿ ಚರ್ಮ ಕಿತ್ತು ಮೂಳೆ ಕಾಣುತ್ತಿದ್ದರೂ ಎಳೆಯುತ್ತಲೇ ಇದ್ದ. ಲುಯೆಲಾ ವೈರ್‌ಲೆಸ್‌ನಲ್ಲಿ ಅವನ ಮನೆಯ ವಿಳಾಸ ಕೂಗುತ್ತಾ, ಕೊಯ್ದ ಕೈಯಿಂದ ಬೀಗದಕೈ ಹುಡುಕಿದಳು. ರಕ್ತಕ್ಕೆ ಜಾರಿ ಅದು ಕೆಳಗೆ ಬಿತ್ತು.

ಗುಂಡಿನ ಸದ್ದು ನಿಂತಿತು. ಫೋನು ಇನ್ನೂ ತೆರೆದೇ ಇತ್ತು.

ಆ ಕಡೆ ನೆಲದಿಂದ ಅದನ್ನು ಯಾರೋ ಎತ್ತಿಕೊಂಡರು. ಗಂಡಸಿನ ಉಸಿರು. ಆತುರವೇ ಇಲ್ಲದ ದನಿ, ಪಕ್ಕದ ಮನೆಯವನು ಮಾತಾಡಿದ ಹಾಗೆ; ಬೆಳಗ್ಗೆ ಲಾಂಡ್ರಿಯ ಮುಂದೆ ಗುಂಪಿನ ಹಿಂದಿನಿಂದ ಗೊಣಗಿದ್ದ ದನಿಯೇ.

"ಕಾರು ಕರೆಸ್ಕೊಂಡಿದ್ದು ದೊಡ್ಡ ಉಪಕಾರ ಆಯ್ತು, ಲುಯೆಲಾ ಅಕ್ಕ."

ಫೋನು ಕಟ್ ಆಯಿತು. ಆರ್ಥೆಲ್ ಎಳೆಯುವುದನ್ನು ನಿಲ್ಲಿಸಿ, ತಲೆಯೆತ್ತಿ ಅವಳ ಮುಖವನ್ನು ನೋಡಿದ.